ಕೂಗಬಾರದ ಪದ

ಮೇಷ್ಟ್ರು ಬಾಯಿ ತೆರೆದಾಗಿತ್ತು. ಪದದ ಮೊದಲ ಅಕ್ಷರ ನಾಲಿಗೆಯ ತುದಿಗೆ ಬಂದು ಕೂತಾಗಿತ್ತು. ಇನ್ನೇನು ಅದು ಹೊರಗೆ ಬೀಳಬೇಕು, ಅಷ್ಟರಲ್ಲಿ ಅವರು ಯಾಕೋ ತಲೆ ಎತ್ತಿದರು. ಶಾಲೆಯ ಮೇಲೆ ಕಟ್ಟುತ್ತಿದ್ದ ಹೊಸ ಮಹಡಿಯ ಅಂಚಿನಲ್ಲಿ, ಕಿಟಕಿಯ ಮೇಲಿನ ಸಜ್ಜೆಯ ಮೇಲೆ, ಎರಡು ಪುಟ್ಟ ಕಪ್ಪು ಬೂಟುಗಳು ಕಂಡವು. ಬೂಟಿನ ಮೇಲೆ ಬಿಳಿ ಸಾಕ್ಸು, ಅದರ ಮೇಲೆ ನೀಲಿ ಯೂನಿಫಾರ್ಮು, ಎದೆಗೆ ಪಿನ್ನು ಚುಚ್ಚಿದ ಹಳದಿ ಕಾರ್ಡು. ಕಾರ್ಡಿನ ಮೇಲಿನ ಅಕ್ಷರ ಅಷ್ಟು ಕೆಳಗಿನಿಂದ ಕಾಣುವಂತಿರಲಿಲ್ಲ. ಕಾಣಬೇಕಾಗಿಯೂ ಇರಲಿಲ್ಲ. ಬರೆದವರು ಅವರೇ. ಅದರಲ್ಲಿ ‘ಜಂಪ್’ ಎಂದಿತ್ತು.

ಮೇಷ್ಟ್ರು ಬಾಯಿ ಮುಚ್ಚಿದರು. ಮುಚ್ಚಿದ ರಭಸಕ್ಕೆ ನಾಲಿಗೆ ಹಲ್ಲಿಗೆ ಸಿಕ್ಕಿ ರಕ್ತದ ರುಚಿ ಬಂತು.

ಒಂದು ಪದಕ್ಕೆ ಇಷ್ಟು ಹೆದರಿಕೆಯೇ ಎಂದು ನಗಬೇಡಿ. ಆ ವಾರ ಆ ತರಗತಿಯಲ್ಲಿ ನಡೆದದ್ದನ್ನು ಕೇಳಿದರೆ ನಿಮ್ಮ ಕೈಕಾಲೂ ತಣ್ಣಗಾಗುತ್ತವೆ. ಮೂರನೇ ತರಗತಿಗೆ ಇಂಗ್ಲಿಷ್ ಪರೀಕ್ಷೆ ಹತ್ತಿರ ಬಂದಿತ್ತು. ನೌನ್ ಅಂದರೇನು ಎಂದು ಕೇಳಿದರೆ ಇಡೀ ತರಗತಿ ಒಂದೇ ಉಸಿರಿಗೆ ಗಿಳಿಪಾಠ ಒಪ್ಪಿಸುತ್ತಿತ್ತು. ಹಾಗಾದರೆ ‘ಟೇಬಲ್’ ನೌನೋ ವರ್ಬೋ ಎಂದರೆ ಅದೇ ತರಗತಿ ಸೂರು ನೋಡುತ್ತಿತ್ತು. ಗಂಟಲು ಹರಿದುಕೊಂಡು ಸಾಕಾದ ಮೇಷ್ಟ್ರಿಗೆ ಒಂದು ಉಪಾಯ ಹೊಳೆಯಿತು. ಪುನರಾವರ್ತನೆ ಮುಗಿಯುವವರೆಗೆ ಪ್ರತಿ ಮಗುವೂ ಒಂದೊಂದು ಪದ. ನೀಲಿ ಕಾರ್ಡಿನವರು ನಾಮಪದ, ಹಳದಿಯವರು ಕ್ರಿಯಾಪದ, ಕೆಂಪಿನವರು ಗುಣವಾಚಕ. ಎದೆಯ ಮೇಲೆ ಚುಚ್ಚಿದ ಪದವೇ ಹೆಸರು. ಅಪ್ಪ ಅಮ್ಮ ಇಟ್ಟ ಹೆಸರಿಗೆ ಶಾಲೆಯ ಗೇಟಿನೊಳಗೆ ರಜೆ.

ಮಕ್ಕಳಿಗೆ ಆಟ ಹುಚ್ಚು ಹಿಡಿಸಿತು. ಶಾಲೆಯಲ್ಲೇ ಚುರುಕಾದ ಹುಡುಗ ‘ಸ್ಲೋ’ ಆಗಿ, ಊಟದ ಡಬ್ಬಿ ತೆರೆಯಲು ಗಂಟೆಗಟ್ಟಲೆ ತೆಗೆದುಕೊಂಡ. ‘ಬಕೆಟ್’ ಆದವನು ಮನೆಯಲ್ಲೂ ಬಕೆಟ್ ಎಂದು ಕರೆಯದಿದ್ದರೆ ಓಗೊಡುವುದಿಲ್ಲವೆಂದು ಹಟ ಹಿಡಿದದ್ದರಿಂದ, ಅವರಮ್ಮ ಬಂದು ಮೇಷ್ಟ್ರ ಮುಂದೆ ಅಳುವುದೋ ನಗುವುದೋ ತಿಳಿಯದೆ ನಿಂತಿದ್ದರು. ವರ್ಬುಗಳಿಗೆ ಮಾತ್ರ ವಿಶೇಷ ನಿಯಮ. ಪದ ಕೂಗಿದ ತಕ್ಷಣ ಅವರು ಬಾಯಲ್ಲಿ ಉತ್ತರ ಕೊಡುವಂತಿಲ್ಲ, ಮಾಡಿ ತೋರಿಸಬೇಕು.

“ಯೋಚನೆ ಮಾಡ್ಕೊಂಡು ನಿಂತ್ರೆ ಪಾಯಿಂಟ್ ಹೋಯ್ತು ಅಂತ್ಲೇ ಲೆಕ್ಕ. ಕಿವಿಗೆ ಬಿತ್ತಾ, ಮಾಡಿದ್ರಾ, ಅಷ್ಟೇ!” ಎಂದು ಚಿಟಿಕೆ ಹೊಡೆದು ಹೊಡೆದು ಅಭ್ಯಾಸ ಮಾಡಿಸಿದವರು ಮೇಷ್ಟ್ರೇ. ಅವರು ಒಂದು ಪದ ಕೂಗಿದರೆ ಇಡೀ ತರಗತಿ ಅದನ್ನೇ ಒಕ್ಕೊರಲಿನಿಂದ ಕೂಗುವುದು ಪದ್ಧತಿಯಾಯಿತು. ಮೊದಲ ದಿನವೇ ಸ್ಲೋ ಮತ್ತು ‘ರನ್’ ಕಾರ್ಡು ಅದಲು ಬದಲು ಮಾಡಿಕೊಂಡು ಸಿಕ್ಕಿಬಿದ್ದದ್ದರಿಂದ ಇನ್ನೊಂದು ನಿಯಮ ಸೇರಿತು. ಮೇಷ್ಟ್ರೇ ತಮ್ಮ ಕೈಯಾರೆ ಹಳೆಯದನ್ನು ತೆಗೆದು ಹೊಸದನ್ನು ಚುಚ್ಚುವವರೆಗೆ ಯಾರ ಪದವೂ ಬದಲಾಗುವುದಿಲ್ಲ. ಬಾಯಿಮಾತು ನಡೆಯುವುದಿಲ್ಲ, ಹೇಳಿದವರು ಯಾರೇ ಆಗಿರಲಿ.

ಇನ್ನು ಜಂಪ್. ತರಗತಿಯಲ್ಲೇ ಸಣ್ಣ ಹುಡುಗಿ, ಹಾಕಿದ ಗೆರೆ ದಾಟದವಳು. ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುವುದರಿಂದ ಅವಳನ್ನು ಕರೆದೊಯ್ಯಲು ಅಜ್ಜಿ ಬರುತ್ತಿದ್ದರು. ಅಜ್ಜಿಗೆ ಮೊಮ್ಮಗಳ ಹೊಸ ಹೆಸರು ಬಹಳ ಹಿಡಿಸಿ, ಅದಕ್ಕೊಂದು ಅಮ್ಮ ಸೇರಿಸಿ ‘ಜಂಪಮ್ಮ’ ಮಾಡಿಬಿಟ್ಟಿದ್ದರು. ಸಂಜೆ ಗೇಟಿನೊಳಗೆ ಕಾಲಿಟ್ಟ ಕೂಡಲೇ ಕೊಡೆ ಎತ್ತಿ “ಜಂಪಮ್ಮಾ!” ಎಂದು ಕೂಗುವುದು, ಇವಳು ಎಲ್ಲಿ ನಿಂತಿರುತ್ತಾಳೋ ಅಲ್ಲಿಂದಲೇ ಹಾರುವುದು. ಬೆಂಚಿನಿಂದ ಹಾರಿದ್ದಳು, ಕಟ್ಟೆಯಿಂದ ಹಾರಿದ್ದಳು, ನಿನ್ನೆ ವರಾಂಡದ ಮೆಟ್ಟಿಲ ತಲೆಯಿಂದ ಹಾರಿ ಮೊಣಕಾಲು ತರಚಿಕೊಂಡಿದ್ದಳು. ಮೇಷ್ಟ್ರು ಅದನ್ನು ಕಂಡು ಚಪ್ಪಾಳೆ ತಟ್ಟಿದ್ದರು.

ಆದರೆ ಮೊದಲ ದಿನ ಅವಳು ಸೋತಿದ್ದಳು. ಮಕ್ಕಳನ್ನು ಪರೀಕ್ಷಿಸಲು ಮೇಷ್ಟ್ರು ಹೆಡ್ ಮೇಡಂ ಅವರನ್ನು ಕರೆತಂದಿದ್ದರು. ಮೇಡಮ್ಮಿಗೆ ಈ ಕಾರ್ಡಿನಾಟ ಕಂಡರೆ ಆಗದು. “ಕೆಲಸವಿಲ್ಲದ ಬಡಗಿ ಮಗುವಿನ ಕುಂಡೆ ಕೆತ್ತಿದ್ನಂತೆ” ಎಂದು ಸ್ಟಾಫ್ ರೂಮಿನಲ್ಲಿ ಮೂಗು ಮುರಿದಿದ್ದರು. ಆದರೂ ಬಂದು, ಹಾಜರಿಯಲ್ಲಿದ್ದ ಹೆಸರು ಹಿಡಿದು ಮೆತ್ತಗೆ ಕರೆದರು. “ಬಾ ಪುಟ್ಟಿ, ಆಟ ಮುಗೀತು, ನಿಮ್ಮಜ್ಜಿ ಬಂದಿದ್ದಾರೆ.” ಹುಡುಗಿ ನಂಬಿ ಎದ್ದು ಹೋದಳು. ಕಾರ್ಡಿನ ಪದ ಬಿಟ್ಟು ಬೇರೆ ಹೆಸರಿಗೆ ಓಗೊಟ್ಟದ್ದಕ್ಕೆ ಹಳದಿ ತಂಡಕ್ಕೆ ಬೋರ್ಡಿನ ಮೇಲೆ ಸಿಕ್ಕಿದ್ದ ನಕ್ಷತ್ರ ಹೋಯಿತು. ಗೆಳತಿಯರು ಇಡೀ ಮಧ್ಯಾಹ್ನ ಮಾತು ಬಿಟ್ಟರು. ಅವಳು ಬೆಂಚಿನ ಕೆಳಗೆ ಕೂತು ಬಿಕ್ಕಿ ಬಿಕ್ಕಿ ಅತ್ತಳು, ಆಮೇಲೆ ಮೂಗು ಒರೆಸಿಕೊಂಡು ಬಂದು, “ಇನ್ನೊಂದ್ಸಲ ಮೋಸ ಹೋಗಲ್ಲ ಸಾರ್,” ಎಂದಳು. ಮೇಷ್ಟ್ರು ಬೆನ್ನು ತಟ್ಟಿ, “ಭೇಷ್!” ಎಂದಿದ್ದರು.

ಇವತ್ತು ಕೊನೆಯ ದಿನ, ಪದಬೇಟೆ. ಶಾಲೆ ಬಿಡುವ ಮುಂಚೆ ಎಲ್ಲರೂ ಹೋಗಿ ಒಂದೊಂದು ನೌನ್ ಹುಡುಕಬೇಕು. ಸಿಕ್ಕಿದ್ದನ್ನು ಮುಟ್ಟಿಕೊಂಡು ಅಲ್ಲೇ ನಿಲ್ಲಬೇಕು. ತನ್ನ ಪದ ಕೂಗುವವರೆಗೆ ಕದಲಬಾರದು. ಕೂಗಿದ ಮೇಲೆ, ವರ್ಬಾದರೆ ಮೊದಲು ಅದನ್ನು ಮಾಡಿ, ಆಮೇಲೆ ಓಡಿ ಬಂದು ನೌನ್ ಹೇಳಬೇಕು. “ಪೆನ್ಸಿಲ್ಲು, ಬ್ಯಾಗು ಅಂದ್ರೆ ಮಾರ್ಕ್ಸ್ ಇಲ್ಲ. ಯಾರಿಗೂ ಸಿಗದೇ ಇರೋದು ಹುಡುಕಿ!” ಎಂದು ಹುರಿದುಂಬಿಸಿ ಮೇಷ್ಟ್ರು ಅಂಗಳದ ಮಧ್ಯೆ ನಿಂತರು. ಒಬ್ಬೊಬ್ಬರನ್ನೇ ಕೂಗಿದರು. ಎಲ್ಲರೂ ಬಂದು ಸಾಲಾಗಿ ಕೂತರು. ಉಳಿದವಳು ಒಬ್ಬಳೇ.

ಆ ಒಬ್ಬಳು ಸಜ್ಜೆಯ ಮೇಲಿದ್ದಳು. ಮೇಲಿನ ಮಹಡಿಗೆ ಹೋಗುವ ಮೆಟ್ಟಿಲಿಗೆ ಗಾರೆಯವರು ತಗಡು ಅಡ್ಡ ಇಡುತ್ತಿದ್ದರು, ಇವತ್ತು ಬೇಗ ಕೆಲಸ ಮುಗಿಸಿ ಹೊರಟವರು ಇಟ್ಟಿರಲಿಲ್ಲ. ಅಂಚಿನಿಂದ ಹೊರಚಾಚಿದ ಕಬ್ಬಿಣದ ಕಂಬಿಗೆ ಎಂದೋ ಕಡಿದು ಬಂದ ಕೆಂಪು ಗಾಳಿಪಟ ಸಿಕ್ಕಿಕೊಂಡಿತ್ತು. ಯಾರಿಗೂ ಸಿಗದ ನೌನ್. ಅದನ್ನು ಮುಟ್ಟಲು ಹುಡುಗಿ ಮಹಡಿಯ ಅಂಚು ದಾಟಿ ಸಜ್ಜೆಗಿಳಿದು, ಒಂದು ಕೈಯಲ್ಲಿ ಪಟದ ಬಾಲ ಹಿಡಿದು, ತನ್ನ ಪದಕ್ಕಾಗಿ ಕಿವಿ ನಿಮಿರಿಸಿ ನಿಂತಿದ್ದಳು. ಅವಳ ಕೆಳಗೆ ಜಲ್ಲಿಯ ರಾಶಿ, ರಾಶಿಯ ಪಕ್ಕ ತುದಿ ಮೇಲೆ ಮಾಡಿ ಕಟ್ಟಿಟ್ಟ ಕಂಬಿಗಳು.

ಮೇಷ್ಟ್ರ ಎದೆಯಲ್ಲಿ ಅವಲಕ್ಕಿ ಕುಟ್ಟಲು ಶುರುವಾಯಿತು. ಹಿಂದೆ ಕೂತ ಮಕ್ಕಳು ತಲೆ ಎತ್ತಿ ಅವಳನ್ನು ಕಂಡರೆ? ವಾರವೆಲ್ಲ ಕರೆದ ಹೆಸರು ಬಿಟ್ಟು ಬೇರೆ ಯಾವ ಹೆಸರು ಅವರ ಬಾಯಿಗೆ ಬರುತ್ತದೆ? ಒಬ್ಬ ಕೂಗಿದರೆ ಸಾಕು, ಎಲ್ಲರೂ ಕೂಗುತ್ತಾರೆ. ಕೂಗಿದರೆ ಅವಳು ಹಾರುತ್ತಾಳೆ. ಹಾರಲಿಕ್ಕಿಲ್ಲ, ಮಗುವಿಗೆ ಅಷ್ಟೂ ತಿಳಿಯುವುದಿಲ್ಲವೇ ಎಂದು ಮನಸ್ಸಿನ ಒಂದು ಮೂಲೆ ಹೇಳಿತು. ತರಚಿದ ಮೊಣಕಾಲು ನೆನಪಾಯಿತು. ತಿಳಿಯಬಾರದೆಂದೇ ಅಲ್ಲವೇ ಇಷ್ಟು ದಿನ ಚಿಟಿಕೆ ಹೊಡೆದದ್ದು?

“ಎಲ್ರೂ ತಲೆ ಮಂಡಿ ಮೇಲೆ ಇಡಿ. ಕಣ್ಣು ಮುಚ್ಚಿ. ಬಾಯಿ ಬಂದ್. ಹೊಸ ಆಟ,” ಎಂದರು. ದನಿ ತಮ್ಮದೇ ಎಂದು ಅವರಿಗೇ ಅನ್ನಿಸಲಿಲ್ಲ.

“ಯಾವ ಆಟ ಸಾರ್?” ಎಂದ ಬಕೆಟ್.

“ಉಸಿರೆತ್ತಿದೋರು ಔಟ್ ಆಗೋ ಆಟ ಕಣೋ, ಮುಚ್ಚು!”

ಮಕ್ಕಳು ತಲೆ ತಗ್ಗಿಸಿದರು. ಮೇಷ್ಟ್ರು ಮೇಲೆ ನೋಡಿ, ಹಾಜರಿಯ ಹೆಸರು ಹಿಡಿದು ಸಣ್ಣಗೆ ಕರೆದರು. “ಪುಟ್ಟಿ, ಹಿಂದಕ್ಕೆ ಹೋಗಮ್ಮ. ಆಟ ಮುಗೀತು.”

ಹುಡುಗಿ ಕೆಳಗೆ ನೋಡಿ ನಕ್ಕಳು. ನಕ್ಕು, ಇಲ್ಲವೆಂದು ತಲೆ ಅಲ್ಲಾಡಿಸಿದಳು. ಮೊದಲ ದಿನ ಅವಳು ಮೋಸ ಹೋದದ್ದೂ ಇದೇ ‘ಆಟ ಮುಗೀತು’ ಎಂಬ ಮಾತಿಗೆ. ಅವಳು ಒಂದು ಹೆಜ್ಜೆ ಹಿಂದಕ್ಕೆ ಇಡುವ ಬದಲು ಬೂಟುಗಳನ್ನು ಜೋಡಿಸಿ ಇನ್ನಷ್ಟು ನೆಟ್ಟಗೆ ನಿಂತಳು. ಬೂಟಿನ ತುದಿ ಸಜ್ಜೆಯಿಂದ ಆಚೆ ಇತ್ತು.

ಆಫೀಸಿನಿಂದ ಬಂದ ಹೆಡ್ ಮೇಡಂ ಮೇಷ್ಟ್ರ ಮುಖ ನೋಡಿ, ಅವರ ಕಣ್ಣು ನೆಟ್ಟ ಕಡೆ ತಾವೂ ನೋಡಿ, “ಅಯ್ಯೋ!” ಎಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಮರುಕ್ಷಣವೇ ಅಧಿಕಾರದ ದನಿ ತಂದುಕೊಂಡು ಅವರೂ ಹೆಸರು ಹಿಡಿದು ಕರೆದರು. ಮೇಲಿನಿಂದ ಅದೇ ನಗು. ಈ ಸಲ ತುಟಿಯ ಮೇಲೆ ಬೆರಳು ಬೇರೆ ಇತ್ತು: ನಿಮ್ಮ ಆಟ ನನಗೆ ಗೊತ್ತು ಎನ್ನುವ ಹಾಗೆ.

“ಯಾಕ್ರೀ ಕೇಳ್ತಿಲ್ಲ ಮಗು? ಏನ್ ಹೇಳ್ಕೊಟ್ಟಿದ್ದೀರಿ ನೀವು?”

“ನಮ್ಮಿಬ್ರನ್ನ ನಂಬಬಾರ್ದು ಅಂತ ಹೇಳ್ಕೊಟ್ಟಿದ್ದೀವಿ, ಮೇಡಂ.” ಮೇಷ್ಟ್ರು ಮೆಟ್ಟಿಲ ಕಡೆ ತಿರುಗಿದರು. “ಕಾರ್ಡ್ ಬದಲಾಯಿಸೋವರೆಗೂ ಅವಳು ಬೇರೆ ಏನೂ ಕೇಳಲ್ಲ. ನಾನು ಮೇಲೆ ಹೋಗ್ತೀನಿ. ನೀವು ಗೇಟ್ ನೋಡ್ಕೊಳ್ಳಿ.”

“ಗೇಟಾ? ಫೈರ್ ಎಂಜಿನ್‌ಗೆ ಫೋನ್ ಮಾಡೋದು ಬಿಟ್ಟು ಗೇಟ್ ಕಾಯ್ಬೇಕಾ?”

“ಅದು ಬರೋಷ್ಟ್ರಲ್ಲಿ ಅವರಜ್ಜಿ ಬರ್ತಾರೆ. ಬಂದೋರು ದಿನಾ ಏನ್ ಕೂಗ್ತಾರೆ, ನೆನಪು ಮಾಡ್ಕೊಳ್ಳಿ.”

ಮೇಡಮ್ಮಿನ ಮುಖ ಬಿಳಿಚಿತು. ಅಜ್ಜಿಯ ಕೂಗು ಅವರ ಆಫೀಸಿನ ಕಿಟಕಿಯೊಳಗೂ ದಿನಾ ಬರುತ್ತಿತ್ತು. ಅವರು ಗೇಟಿನ ಕಡೆ ಹೊರಟರು.

ಈಗ ಒಂದು ವಿಷಯ ಹೇಳಿಬಿಡಬೇಕು. ಮೇಷ್ಟ್ರಿಗೆ ಎತ್ತರವೆಂದರೆ ಪ್ರಾಣಭಯ. ಮನೆಯಲ್ಲಿ ಬಲ್ಬು ಹೋದರೆ ಸ್ಟೂಲು ಹತ್ತುವವರು ಹೆಂಡತಿ. ಇವರು ಸ್ಟೂಲು ಹಿಡಿದುಕೊಂಡು ಕಣ್ಣು ಮುಚ್ಚುವವರು. ಅಂಥವರು ಕೈಪಿಡಿಯಿಲ್ಲದ ಹಸಿ ಸಿಮೆಂಟಿನ ಮೆಟ್ಟಿಲನ್ನು ಗೋಡೆಗೆ ಒರಗಿಕೊಂಡು ಹತ್ತಿದರು. ಹತ್ತುತ್ತಾ ಜೇಬು ತಡಕಾಡಿದರು. ಪಿನ್ನುಗಳಿದ್ದವು, ಸ್ಕೆಚ್ ಪೆನ್ನಿತ್ತು, ಒಂದು ಖಾಲಿ ಹಳದಿ ಕಾರ್ಡಿತ್ತು. ಏನು ಬರೆಯುವುದು? ಸಿಟ್ ಎಂದರೆ ಅವಳು ನಿಂತಲ್ಲೇ ಕೂರುತ್ತಾಳೆ, ಕೂರಲು ಅಲ್ಲಿ ಜಾಗವಿಲ್ಲ. ವಾಕ್ ಎಂದರೆ ಯಾವ ಕಡೆಗೆ ನಡೆಯುತ್ತಾಳೋ. ಇಷ್ಟು ವರ್ಷ ಸಾಲುಸಾಲಾಗಿ ಬೋರ್ಡಿಗೆ ಬರೆದ ಕ್ರಿಯಾಪದಗಳಲ್ಲಿ ಒಂದು ಮಗುವನ್ನು ಬದುಕಿಸುವ ಪದ ಅವರಿಗೆ ನೆನಪಾಗಲಿಲ್ಲ. ಕೊನೆಯ ಮೆಟ್ಟಿಲಲ್ಲಿ ತಾವೇ ಒಂದು ಕಂಬಿಯನ್ನು ತಬ್ಬಿ ನಿಂತಾಗ ಅದು ಹೊಳೆಯಿತು. ಗೋಡೆಗೆ ಕಾರ್ಡು ಒತ್ತಿ, ‘ಹೋಲ್ಡ್’ ಎಂದು ಬರೆದರು.

ಮಹಡಿಗೆ ಸುತ್ತಲ ಗೋಡೆ ಇನ್ನೂ ಎದ್ದಿರಲಿಲ್ಲ. ಸುತ್ತ ಬರೀ ಆಕಾಶ. ಮೇಷ್ಟ್ರು ಕೂತರು, ಆಮೇಲೆ ಮಲಗಿದರು, ಮಲಗಿಕೊಂಡೇ ಹೊಟ್ಟೆ ಎಳೆಯುತ್ತಾ ಅಂಚಿನವರೆಗೆ ತೆವಳಿದರು. ಕೆಳಗೆ, ಕೈಗೆಟಕುವ ಹಾಗೆ, ಎರಡು ಜಡೆಯ ತಲೆ ಕಂಡಿತು. ಅದರಾಚೆ ಕೆಳಗೆ ಜಲ್ಲಿ ಕಂಡಿತು. ಕಣ್ಣು ಕತ್ತಲಿಟ್ಟಿತು. ಸಿಮೆಂಟನ್ನು ಉಗುರಿನಿಂದ ಕಚ್ಚಿ ಹಿಡಿದು, “ಪುಟ್ಟಿ, ತಿರುಗ್ಬೇಡ. ನಾನು, ನಿಮ್ಮ ಸಾರ್,” ಎಂದರು.

“ಗೊತ್ತು ಸಾರ್. ನನ್ನ ನೌನ್ ನೋಡಿದ್ರಾ? ಕೈಟ್!”

“ನೋಡಿದೆ. ಬಹಳ ಚೆನ್ನಾಗಿದೆ. ಈಗ ಕೈ ಕೊಡು ನಂಗೆ.”

“ಕೂಗೋವರೆಗೂ ಕದಲಬಾರ್ದು ಅಂದಿದ್ರಲ್ಲ ಸಾರ್.”

ಹಿಡಿದು ಎಳೆಯಲೇ ಎಂದುಕೊಂಡರು. ಮಗು ಬೆಚ್ಚಿ ಜಗ್ಗಿದರೆ ತಡೆಯುವ ಶಕ್ತಿ ಮಲಗಿದ ಮೈಯಲ್ಲಿರಲಿಲ್ಲ. ತಾವು ಹಾಕಿದ ನಿಯಮದ ಒಳಗಿಂದಲೇ ಹೋಗಬೇಕು, ಬೇರೆ ದಾರಿಯಿಲ್ಲ. “ನಿಂಗೆ ಹೊಸ ಪದ ತಂದಿದ್ದೀನಿ,” ಎಂದರು.

“ಹಂಗಾದ್ರೆ ಪಿನ್ ಹಾಕಿ ಸಾರ್.”

ಎದೆಯವರೆಗೂ ಅಂಚಿನಾಚೆ ಬಗ್ಗಿ ಅವರು ಅವಳ ಭುಜದ ಮೇಲಿನಿಂದ ಕೈ ಇಳಿಸಿದರು. ಹಳೆಯ ಪಿನ್ನು ಬಿಡಿಸುವಾಗ ಬೆರಳಿಗೆ ಚುಚ್ಚಿತು. ಕಾರ್ಡು ಕಳಚಿತು, ಬೆವರಿನ ಕೈಯಿಂದ ಜಾರಿತು. ಗಾಳಿಯಲ್ಲಿ ಹೊರಳಾಡುತ್ತಾ, ಅವಸರವೇ ಇಲ್ಲದೆ, ಅಂಗಳದಲ್ಲಿ ತಲೆ ತಗ್ಗಿಸಿ ಕೂತ ಮಕ್ಕಳ ಕಡೆಗೆ ಇಳಿಯಿತು.

ಅದೇ ಹೊತ್ತಿಗೆ ಗೇಟು ಕಿರ್ರೆಂದಿತು. ಕೊಡೆ ಹಿಡಿದ ಅಜ್ಜಿ ಒಳಗೆ ಕಾಲಿಟ್ಟರು. ಅಂಗಳ ನೋಡಿದರು, ವರಾಂಡ ನೋಡಿದರು, ಮೊಮ್ಮಗಳು ಕಾಣದೆ ಕೊಡೆ ಎತ್ತಿ ಎದೆ ತುಂಬ ಉಸಿರು ಎಳೆದುಕೊಂಡರು. ಹೆಡ್ ಮೇಡಂ ಓಡಿದರು. ಇಪ್ಪತ್ತು ವರ್ಷಗಳಲ್ಲಿ ಅವರು ಓಡಿದ್ದನ್ನು ಯಾರೂ ಕಂಡಿರಲಿಲ್ಲ. ಒಂದು ಚಪ್ಪಲಿ ಹಿಂದೆಯೇ ಉಳಿಯಿತು. ‘ಜ’ ಎನ್ನುವಷ್ಟರಲ್ಲಿ ಅವರ ಅಂಗೈ ಅಜ್ಜಿಯ ಬಾಯಿಯ ಮೇಲಿತ್ತು. ಇದ್ಯಾವ ಹುಚ್ಚು ಹೆಂಗಸೆಂದು ಅಜ್ಜಿ ಆ ಅಂಗೈಯನ್ನು ಬಲವಾಗಿ ಕಚ್ಚಿದರು. ಮೇಡಂ ಕಣ್ಣಲ್ಲಿ ನೀರು ಬಂದರೂ ಕೈ ತೆಗೆಯಲಿಲ್ಲ.

ಮೇಷ್ಟ್ರು ಉಸಿರು ಬಿಟ್ಟರು. ಬಿಟ್ಟದ್ದು ಅವಸರವಾಯಿತು. ಕೆಳಗೆ ಬಕೆಟ್‌ನ ತಲೆಯ ಮೇಲೆ ಏನೋ ತಟ್ಟಿತ್ತು. ಅವನು ಕಣ್ಣು ತೆರೆದು, ಹಳದಿ ಕಾರ್ಡು ಎತ್ತಿಕೊಂಡು, ತನಗೆ ಇಂಗ್ಲಿಷ್ ಓದಲು ಬರುತ್ತದೆಂಬ ಸಂತೋಷದಲ್ಲಿ ಗಟ್ಟಿಯಾಗಿ ಓದಿದ.

“ಜಂಪ್!”

ಅಭ್ಯಾಸ ಬಲದಿಂದ ಅಷ್ಟೂ ಮಕ್ಕಳು ತಲೆ ಎತ್ತಿ, ಅಂಗಳ ಗುಡುಗುವ ಹಾಗೆ ಕೂಗಿದರು. “ಜಂಪ್!”

ಮೇಷ್ಟ್ರ ಕಣ್ಣೆದುರೇ ಆ ಪುಟ್ಟ ಮೊಣಕಾಲುಗಳು ಬಾಗಿದವು. ಜಡೆಗಳು ಒಂದಿಷ್ಟು ಕೆಳಗಿಳಿದವು. ಕೂಗೋಣವೆಂದರೆ ಅವರಿಗೆ ದನಿಯಿರಲಿಲ್ಲ. ಹಿಡಿಯೋಣವೆಂದರೆ ಕೈ ಮರಗಟ್ಟಿತ್ತು. ಇದು ನಾನು ಮಾಡಿದ್ದು, ನಾನೇ ಮಾಡಿದ್ದು, ಎನ್ನುವುದೊಂದೇ ತಲೆಯಲ್ಲಿ ಸುತ್ತುತ್ತಿತ್ತು.

ಬಾಗಿದ ಮೊಣಕಾಲು ಹಾಗೆಯೇ ನಿಂತಿತು. ಹುಡುಗಿ ಗಲ್ಲ ಎದೆಗೆ ಒತ್ತಿ ತನ್ನ ಯೂನಿಫಾರ್ಮು ನೋಡಿಕೊಂಡಳು. ಅಲ್ಲಿ ಎರಡು ಸಣ್ಣ ತೂತು ಬಿಟ್ಟರೆ ಏನೂ ಇರಲಿಲ್ಲ.

“ಕಾರ್ಡೇ ಇಲ್ವಲ್ಲ ಸಾರ್,” ಎಂದಳು. “ಹಾರ್ಲಾ, ಬೇಡ್ವಾ?”

“ಬೇಡ,” ಎಂದರು ಮೇಷ್ಟ್ರು. ಅದು ಮಾತಾಗಿ ಬಂತೋ ಬರೀ ಉಸಿರಾಗಿ ಬಂತೋ ಅವರಿಗೆ ತಿಳಿಯಲಿಲ್ಲ. ಹೊಸ ಕಾರ್ಡನ್ನು ಬಟ್ಟೆಗೂ ತಮ್ಮ ಬೆರಳಿಗೂ ಸೇರಿಸಿ ಚುಚ್ಚಿದರು. ರಕ್ತದ ಹನಿಯೊಂದು ಹಳದಿಯ ಮೇಲೆ ಇಂಗಿತು. ಅವಳು ತಲೆಕೆಳಗಾಗಿ ಕಂಡ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿಕೊಂಡಳು.

“ಹೋಲ್ಡ್!” ಎಂದು ಮೇಷ್ಟ್ರು ಕೂಗಿದರು.

ಯೋಚನೆ ಮಾಡದೆ, ಕಿವಿಗೆ ಬಿದ್ದ ತಕ್ಷಣ, ಹುಡುಗಿ ಗಾಳಿಪಟ ಬಿಟ್ಟು ಹಿಂದೆ ತಿರುಗಿ ಅವರ ಕುತ್ತಿಗೆಯನ್ನು ಎರಡೂ ಕೈಯಿಂದ ತಬ್ಬಿ ಹಿಡಿದಳು. ಅವರು ಹೊಟ್ಟೆಯ ಮೇಲೆಯೇ ಹಿಂದೆ ಹಿಂದೆ ತೆವಳಿ, ಅವಳನ್ನು ಅಂಚಿನಿಂದ ಎಳೆದುಕೊಂಡು, ಮಹಡಿಯ ನಟ್ಟನಡುವೆ ಬಂದು ಬಿದ್ದುಕೊಂಡರು. ನೀಲಿ ಯೂನಿಫಾರ್ಮಿನಲ್ಲಿ ಮುಖ ಹುದುಗಿಸಿ ಅತ್ತರು. ಹುಡುಗಿ ಅವರ ಬೆನ್ನು ತಟ್ಟಲು ಒಂದು ಕೈ ಬಿಡೋಣವೆಂದು ನೋಡಿ, ನಿಯಮ ನೆನಪಾಗಿ, ಬಿಡಲಿಲ್ಲ.

ಕೆಳಗಿಳಿದು ಬಂದಾಗಲೂ ಅವಳು ಕುತ್ತಿಗೆ ಬಿಟ್ಟಿರಲಿಲ್ಲ. ಅಜ್ಜಿ ಕೊಡೆ ಬಿಸಾಡಿ, “ನನ್ನ ಬಂಗಾರಾ, ಬಾರೇ,” ಎಂದು ಕೈ ಚಾಚಿದರೂ ಹೋಗಲಿಲ್ಲ. ಕಾರ್ಡಿನಲ್ಲಿ ಹೋಲ್ಡ್ ಎಂದಿತ್ತಲ್ಲ. ಪಕ್ಕದಲ್ಲಿ ಹೆಡ್ ಮೇಡಂ ಹಲ್ಲಿನ ಗುರುತು ಬಿದ್ದ ಅಂಗೈಯನ್ನು ಸೆರಗಿನಲ್ಲಿ ಒತ್ತಿಕೊಂಡು ನಿಂತಿದ್ದರು. ಮೇಷ್ಟ್ರು ಅವಳನ್ನು ಎತ್ತಿಕೊಂಡೇ ಮಕ್ಕಳ ಸಾಲಿನ ಮುಂದೆ ಮಂಡಿಯೂರಿದರು. ಒಬ್ಬೊಬ್ಬರ ಎದೆಯಿಂದ ಪಿನ್ನು ಬಿಡಿಸಿ, ಕಾರ್ಡು ಜೇಬಿಗೆ ಹಾಕಿ, ಅವರವರ ಮನೆಯ ಹೆಸರು ಹಿಡಿದು ಕರೆಯುತ್ತಾ ಹೋದರು. ಸ್ಲೋ ತನ್ನ ನಿಜವಾದ ಹೆಸರಿಗೆ ಥಟ್ಟನೆ “ಪ್ರೆಸೆಂಟ್ ಸಾರ್” ಎಂದ. ಬಕೆಟ್ ಮಾತ್ರ ಸ್ವಲ್ಪ ಮುನಿಸಿಕೊಂಡ.

ಕೊನೆಗೆ ತಮ್ಮ ಕುತ್ತಿಗೆಗೆ ಅಂಟಿದ್ದವಳ ಕಾರ್ಡು ತೆಗೆದರು. ಅವಳ ಹೆಸರು ಹಿಡಿದು ಕರೆದರು.

ಹುಡುಗಿ ತಲೆಯನ್ನಷ್ಟೇ ಹಿಂದಕ್ಕೆ ತೆಗೆದಳು. ಅವರ ಮುಖವನ್ನು ಹತ್ತಿರದಿಂದ ನೋಡಿದಳು. ಆಮೇಲೆ ಹೆಡ್ ಮೇಡಂ ಮುಖ ನೋಡಿದಳು, ಅಜ್ಜಿಯ ಮುಖ ನೋಡಿದಳು. ಕೈ ಇನ್ನಷ್ಟು ಬಿಗಿಯಾಯಿತು. ಸಜ್ಜೆಯ ಮೇಲೆ ಒಂದು ಸಲವೂ ನಡುಗದವಳು ಈಗ ನಡುಗುತ್ತಿದ್ದಳು.

“ಇದೂ ಮೋಸಾನಾ ಸಾರ್?” ಎಂದು ಅವರ ಕಿವಿಯಲ್ಲಿ ಕೇಳಿದಳು.

ಆ ಪ್ರಶ್ನೆಗೆ ಮೇಷ್ಟ್ರಿಗೆ ಆದ ಹೆದರಿಕೆ ಮಹಡಿಯ ಅಂಚಿನಲ್ಲೂ ಆಗಿರಲಿಲ್ಲ. “ಅಲ್ಲಮ್ಮ, ಮೋಸ ಅಲ್ಲ,” ಎಂದರು. ಅವಳು ನಂಬಲಿಲ್ಲ. ಅವರು ಮತ್ತೆ ಹೆಸರು ಕರೆದರು. ಅಜ್ಜಿ ಕರೆದರು. ಶಾಲೆ ಬಿಡುವ ಗಂಟೆ ಹೊಡೆಯಿತು, ಉಳಿದ ಮಕ್ಕಳು ಒಬ್ಬೊಬ್ಬರಾಗಿ ಹೊರಟರು. ಮೇಷ್ಟ್ರು ಅದೇ ಹೆಸರನ್ನು ಮತ್ತೆ ಮತ್ತೆ, ಮೆಲ್ಲಗೆ, ಕರೆಯುತ್ತಲೇ ಅಂಗಳದಲ್ಲಿ ಕೂತಿದ್ದರು.